ಕಲಿಯುವವರ ಸಾಲಿನ ಕರಿ ಗಿಟಾರು

ಅಡುಗೆಮನೆಯ ಮಾಡದಲ್ಲಿ ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ್ದ ಕಾಗದಕ್ಕೆ ಎಣ್ಣೆ ಇಳಿದಿತ್ತು. ಬದಲಿಸೋಣ ಎಂದು ಮೊನ್ನೆ ಭರಣಿ ಎತ್ತಿದೆ. ನುಣುಪಾದ ಕಾಗದ, ಅದರ ಮೇಲೆ ಸಾಲು ಸಾಲು ಗಿಟಾರುಗಳು. ಕೆಂಪು, ನೀಲಿ, ಬೆಲ್ಲದ ಬಣ್ಣ. ಎಣ್ಣೆ ಹೀರಿದ ಕಡೆ ಹಿಂದಿನ ಪುಟದ ಗಿಟಾರುಗಳೂ ಮುಂದಕ್ಕೆ ಬಂದು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಹೋದ ವರ್ಷ ಹುಬ್ಬಳ್ಳಿಯ ಅಂಗಡಿಯವರು ಕೊಟ್ಟ ಪುಸ್ತಕದ ಹಾಳೆ ಅದು. ನೋಡುತ್ತಾ ನಿಂತೆ. ಒಲೆಯ ಮೇಲಿನ ಹಾಲು ಉಕ್ಕಿತು. ಉಕ್ಕಿದ ಹಾಲಿಗೆ ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾನೇ ನಾಲ್ಕು ಮಾತು ಬೈದುಕೊಂಡು ಒರೆಸಿದೆ.

ಅಣ್ಣಿಗೇರಿಯ ನನ್ನ ಮೂವರು ಮೊಮ್ಮಕ್ಕಳೇ (ಸಣ್ಣವಳು ಗೌರಿಗೆ ದೊಡ್ಡವರಿಬ್ಬರು ಓದಿ ಹೇಳಿರಿ), ರಜೆಗೆ ಸಂಶಿಗೆ ಬಂದಾಗಲೆಲ್ಲ ನೀವು ನಮ್ಮ ಮನೆಯ ಕರಿ ಗಿಟಾರು ಮುಟ್ಟಿ ನೀಲಾಳಿಂದ ಬೈಸಿಕೊಂಡು ಹೋಗುತ್ತೀರಿ. ಅದು ಮನೆಗೆ ಹೇಗೆ ಬಂತು ಎಂಬುದು ನಿಮಗೆ ಗೊತ್ತಿಲ್ಲ. ನೀಲಾ ಹೇಳುವವಳಲ್ಲ, ಅವಳು ನನ್ನ ಹಾಗೆ. ಅವಳ ಅಪ್ಪ, ಅಂದರೆ ನಿಮ್ಮ ಮಾಮಾ ಮಲ್ಲೇಶ, ಹೇಳಿದರೆ ಎಲ್ಲ ತಾನೇ ಮಾಡಿದ ಹಾಗೆ ಹೇಳುತ್ತಾನೆ. ನನಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರವಿದೆ, ಅದರಲ್ಲೇ ಬರೆಯುತ್ತೇನೆ.

ನೀಲಾ ಗಿಟಾರು ಕಲಿತದ್ದು ಕುಂದಗೋಳದ ಕಾಲೇಜಿನ ಗೆಳತಿ ಆಫ್ರೀನಳ ಮನೆಯಲ್ಲಿ. ಅವರ ಮನೆಯಲ್ಲೊಂದು ಹಳೆಯ ಕಟ್ಟಿಗೆಯ ಗಿಟಾರು ಇತ್ತು. ಕಲಿಸುವವರು ಯಾರೂ ಇಲ್ಲ, ಫೋನೇ ಗುರು. ಆದರೆ ನೀಲಾ ಅದನ್ನು ತಲೆಕೆಳಗು ಮಾಡಿ ಹಿಡಿಯುತ್ತಿದ್ದಳು. ಅವಳು ಎಡಗೈಯವಳು. ಎಲ್ಲರೂ ಎಡಗೈಯಲ್ಲಿ ತಂತಿ ಒತ್ತಿ ಬಲಗೈಯಲ್ಲಿ ಮೀಟುತ್ತಾರೆ. ಇವಳು ಬಲಗೈಯಲ್ಲಿ ಒತ್ತಿ ಎಡಗೈಯಲ್ಲಿ ಮೀಟುವಳು. ತಿರುಗಿಸಿ ಹಿಡಿದಾಗ ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಬರುತ್ತದೆ, ಫೋನಿನಲ್ಲಿ ಹೇಳಿಕೊಟ್ಟದ್ದೆಲ್ಲ ಉಲ್ಟಾ ಆಗುತ್ತದೆ. ಹಾಗೂ ಹೀಗೂ ಹಾಡು ಹೊರಡಿಸುತ್ತಿದ್ದಳು. ನೋಡಿದವರು ನಗುತ್ತಿದ್ದರು.

ನಮ್ಮ ಕಡೆ ಎಡಗೈಯವರಿಗೆ ರೊಡ್ಡ, ರೊಡ್ಡಿ ಎನ್ನುತ್ತಾರೆ. ಕರೆಯುವವರಿಗೆ ಅದು ಬರೀ ಹೆಸರು, ಕರೆಸಿಕೊಂಡವರಿಗೆ ಗೊತ್ತು ಅದರ ಚುಚ್ಚು. ನನಗೂ ಗೊತ್ತು. ಏಕೆಂದರೆ ನಾನೂ ರೊಡ್ಡಿಯೇ. ಇದನ್ನು ನಾನು ನನ್ನ ಮಕ್ಕಳಿಗೂ ಹೇಳಿರಲಿಲ್ಲ.

ಒಂದನೆಯ ಇಯತ್ತೆಯಲ್ಲಿ ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ಮಾಸ್ತರರು ಆ ಅಂಗೈ ಮೇಲೆ ಪಟ್ಟಿಯಿಂದ ಹೊಡೆದಿದ್ದರು. ಅಳುತ್ತ ಮನೆಗೆ ಬಂದರೆ ನಮ್ಮ ಅಜ್ಜಿ ಪೂಜೆಗೆ ಕುಳಿತಿದ್ದಳು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೇ ಪೂಜೆ ಮಾಡುವುದಲ್ಲವೇ. ಅವಳು ಪೂಜೆ ಮುಗಿಸಿ ಆ ಅಂಗೈ ನನಗೆ ತೋರಿಸಿ, "ಲಿಂಗ ಕೂಡೂದು ಯಾವ ಕೈಯಾಗ ಅಂತ ನಿಮ್ಮ ಮಾಸ್ತರನ್ನ ಕೇಳಿ ಬಾ" ಎಂದಳು. ನಾನು ಕೇಳಲಿಲ್ಲ. ಕೇಳುವ ಧೈರ್ಯ ನನಗೆಲ್ಲಿಯದು? ಬಲಗೈಯಲ್ಲಿ ಬರೆಯುವುದನ್ನು ಕಲಿತೆ. ಆಮೇಲೆ ಬಲಗೈಯವಳಂತೆ ಕಾಣುವುದನ್ನೂ ಕಲಿತೆ. ಮದುವೆ ಮನೆಗಳಲ್ಲಿ ಬಡಿಸಲು ಕರೆದರೆ ಹಿಂದಕ್ಕೆ ಸರಿದು, ಕಾಯಿಪಲ್ಲೆ ಹೆಚ್ಚುವವರ ಗುಂಪಿನ ಕಡೆಯ ಮೂಲೆಯಲ್ಲಿ ಕೂಡುತ್ತಿದ್ದೆ. ಈಳಿಗೆಯ ಮುಂದೆ ತಲೆ ಬಗ್ಗಿಸಿ ಕೂತವಳ ಯಾವ ಕೈ ಏನು ಮಾಡುತ್ತದೆ ಎಂದು ಯಾರೂ ನೋಡುವುದಿಲ್ಲ. "ಪಾಪ, ಭಾಳ ನಾಚಿಕಿ ಸ್ವಭಾವ" ಎನ್ನುತ್ತಿದ್ದರು. ಈಗ ಯೋಚಿಸಿದರೆ ನನ್ನ ನಾಚಿಕೆಯಲ್ಲಿ ಅರ್ಧ ಸ್ವಭಾವದ್ದು, ಇನ್ನರ್ಧ ಈ ಕೈಯದು.

ನೋಡಿ, ಗಿಟಾರಿನ ಕಥೆ ಬಿಟ್ಟು ಈಳಿಗೆಯ ಮುಂದೆ ಬಂದು ಕೂತೆ.

ಪರೀಕ್ಷೆ ಮುಗಿದ ಮೇಲೆ ಗಿಟಾರು ಕೊಡಿಸುತ್ತೇನೆಂದು ಮಲ್ಲೇಶ ಮಗಳಿಗೆ ಮಾತು ಕೊಟ್ಟಿದ್ದ. ನೀಲಾಳಿಗೆ ಬೇಕಾಗಿದ್ದು ಕರೆಂಟಿನ ಗಿಟಾರು. ಮಲ್ಲೇಶ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಏನೇ ಕೊಳ್ಳಲಿ, ಮೊದಲು ಕಾಗದದ ಮೇಲೆ ಮನೆಗಳನ್ನು ಕೊರೆದು ಪಟ್ಟಿ ಹಾಕುತ್ತಾನೆ. ಮಿಕ್ಸರಿಗೂ ಹಾಕಿದ್ದ, ಫ್ಯಾನಿಗೂ ಹಾಕಿದ್ದ. ಮದುವೆಗೆ ಹೆಣ್ಣು ನೋಡುವಾಗಲೂ ಹಾಕಿದ್ದನೆಂದು ನನಗೊಂದು ಅನುಮಾನ. ಹಾಕಿದ್ದರೆ ಅದನ್ನು ನನ್ನ ಸೊಸೆ ಎಂದೋ ಒಲೆಗೆ ಹಾಕಿರುತ್ತಾಳೆ.

"ಯವ್ವಾ, ಇಲ್ಲೆ ನೋಡಬೇ" ಎಂದು ಪಟ್ಟಿ ಹಿಡಿದು ನನ್ನ ಮುಂದೆ ಕೂತ. "ಕಂಪನಿ ಒಂದ. ಅದರಾಗ ಮೂರು ಸಾಲು."

"ಮೂರೂ ಒಂದ ನಮೂನಿ ಕಾಣತಾವಲ್ಲೋ."

"ಮಾಟ ಒಂದ. ಒಳಗ ಬ್ಯಾರೆ ಬ್ಯಾರೆ. ಕಟ್ಟಿಗಿ ಬ್ಯಾರೆ, ತಂತಿ ಕೆಳಗಿನ ಅಯಸ್ಕಾಂತ ಬ್ಯಾರೆ, ಕುತ್ತಿಗಿ ಕೂಡಿಸಿದ ರೀತಿ ಬ್ಯಾರೆ."

"ಅಂದ್ರ ಇಳಕಲ್ ಸೀರಿ ಇದ್ದಂಗ. ದಡಿ ಒಂದ, ಸೆರಗ ಒಂದ. ಮೈ ಮಾತ್ರ ಒಂದರಾಗ ಹತ್ತಿ, ಒಂದರಾಗ ಅರ್ಧ ರೇಷ್ಮಿ, ಒಂದರಾಗ ಪೂರಾ ರೇಷ್ಮಿ."

ಮಲ್ಲೇಶ ನನ್ನ ಮುಖ ನೋಡಿದ. "ಹೌದಬೇ, ಅಗದಿ ಹಂಗ" ಎಂದು ಪಟ್ಟಿಯ ಮೇಲೆ ಏನೋ ಗೀಚಿಕೊಂಡ. ಕಂಪನಿಯವರು ಆ ಸಾಲುಗಳಿಗೆ ಇಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾನು ನನ್ನ ಹೆಸರು ಇಟ್ಟೆ: ಕಲಿಯುವವರ ಸಾಲು, ಬಾರಿಸುವವರ ಸಾಲು, ಉಸ್ತಾದರ ಸಾಲು. ಮಲ್ಲೇಶನ ಮನಸ್ಸು ನಡುವಿನ ಸಾಲಿನ ಮೇಲೆ ಕೂತಿತ್ತು. "ಕೊಡಸೂದು ಒಂದ ಸಲ. ಕಲಿಯೂದು ತಗೊಂಡು, ಎರಡು ವರ್ಷಕ್ಕ ಸಾಲಂಗಿಲ್ಲ ಅನಸೂದು ಬ್ಯಾಡ" ಎಂದ. ಅವನ ಪಟ್ಟಿಯಲ್ಲಿ ಹದಿನಾಲ್ಕು ಮನೆಗಳಿದ್ದವು. ಯಾವ ಕೈಯದು ಎಂಬ ಮನೆ ಇರಲಿಲ್ಲ.

ಸೊಸೆಗೆ ಅಂಗನವಾಡಿಯ ಕೆಲಸವಿತ್ತು, ರಜೆ ಸಿಗಲಿಲ್ಲ. ಅವಳ ಬದಲು ಹುಬ್ಬಳ್ಳಿಗೆ ಹೊರಟವಳು ನಾನು. ಅಂಗಡಿ ಹಳೆಯ ಕಾಲದ್ದು. ಯಜಮಾನರು ದಾದಾಪೀರ ಸಾಹೇಬರು, ನನ್ನ ವಯಸ್ಸಿನವರೇ, ಹಾರ್ಮೋನಿಯಂ ಪೇಟಿ ರಿಪೇರಿ ಮಾಡುತ್ತ ಕೂತಿದ್ದರು. ಗೋಡೆಯ ತುಂಬ ಗಿಟಾರುಗಳು ಕುತ್ತಿಗೆಯಿಂದ ನೇತಾಡುತ್ತಿದ್ದವು.

"ಬರ್ರಿ, ಬರ್ರಿ. ಅಮ್ಮಾರಿಗೆ ಕುರ್ಚಿ ಕೊಡ್ರಿ" ಎಂದರು. ಅಂಗಡಿಯಲ್ಲಿ ಅವರೊಬ್ಬರೇ ಇದ್ದುದರಿಂದ ಕುರ್ಚಿಯನ್ನೂ ಅವರೇ ತಂದರು.

ನನಗೊಂದು ಚಾಳಿಯಿದೆ. ಯಾವ ವಸ್ತುವನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡದೆ ನಂಬುವವಳಲ್ಲ. ಗಡಿಗೆಯಾಗಲಿ, ತೆಂಗಿನಕಾಯಿಯಾಗಲಿ, ಕಲ್ಲಂಗಡಿಯಾಗಲಿ. ಚಿಕ್ಕವಳಿದ್ದಾಗ ಕುಂದಗೋಳದಲ್ಲಿ ಸೋದರತ್ತೆಯ ಮನೆಗೆ ಹೋಗುತ್ತಿದ್ದೆ. ಎದುರು ಮನೆಯಲ್ಲಿ ಹಾಡುವವರು ಬಂದು ಇಳಿದುಕೊಳ್ಳುತ್ತಿದ್ದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ತಂಬೂರಿಯ ಬುರುಡೆಯನ್ನು ಅವರೂ ಹೀಗೆಯೇ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ನೋಡುತ್ತಿದ್ದರು. ಆ ಧೈರ್ಯದ ಮೇಲೆ ನಾನು ಹತ್ತಿರದಲ್ಲಿದ್ದ ಕೆಂಪು ಗಿಟಾರನ್ನು ಬಡಿದೆ. ಮಂಚದ ಕಾಲು ಬಡಿದಂತಾಯಿತು. ಬಾಜುವಿನ ನೀಲಿಯದು ಬಡಿದೆ. ಅದೂ ಅಷ್ಟೇ. ಮೂರನೆಯದನ್ನೂ ಬಡಿದು ಮಲ್ಲೇಶನ ಕಿವಿಯಲ್ಲಿ, "ಇವು ಪೊಳ್ಳ ಇಲ್ಲೋ. ಗಟ್ಟಿ ಹಲಗಿ. ದನಿ ಎಲ್ಲಿಂದ ಬರಬೇಕು? ಬ್ಯಾಡ, ಮೋಸ ಐತಿ" ಎಂದೆ. ನನ್ನ ಪಿಸುಮಾತು ಪಿಸುಮಾತಲ್ಲವೆಂದು ನಿಮ್ಮ ಅಜ್ಜ ಇದ್ದಾಗಲೂ ಹೇಳುತ್ತಿದ್ದರು.

ದಾದಾಪೀರ ಸಾಹೇಬರು ಪೇಟಿಯ ಮೇಲೆ ಕೈಯಿಟ್ಟು ನಕ್ಕರು. "ಅಮ್ಮಾರ, ಇದರ ಗಂಟಲಾ ಇದರಾಗ ಇಲ್ರಿ. ಆ ಡಬ್ಬಿಯಾಗ ಐತಿ" ಎಂದು ನೆಲದ ಮೇಲಿನ ಸ್ಪೀಕರ್ ತೋರಿಸಿದರು. ಮಲ್ಲೇಶನೂ ನಕ್ಕ, ನೀಲಾಳೂ ನಕ್ಕಳು. ನಾನು ಸೆರಗು ಎಳೆದುಕೊಂಡು ಕುರ್ಚಿಯಲ್ಲಿ ಕೂತು, ಇನ್ನು ಈ ಅಂಗಡಿಯಲ್ಲಿ ಬಾಯಿ ಬಿಡಬಾರದೆಂದು ತೀರ್ಮಾನಿಸಿದೆ.

ಮಲ್ಲೇಶ ಪಟ್ಟಿ ತೆಗೆದ. ನಡುವಿನ ಸಾಲಿನ ಕೆಂಪು ಗಿಟಾರನ್ನು ಸಾಹೇಬರು ಇಳಿಸಿ ನೀಲಾಳ ಕೈಗೆ ಕೊಟ್ಟರು. ಚಂದದ ವಸ್ತು, ಮಾಗಿದ ದಾಳಿಂಬೆಯ ಬಣ್ಣ. ನೀಲಾ ಕೈಗೆ ಬಂದೊಡನೆ ಅದನ್ನು ತಿರುಗಿಸಿ ಹಿಡಿದಳು. ಸಾಹೇಬರು ಮೆತ್ತಗೆ ಅದನ್ನು ಸರಿಯಾಗಿ ತಿರುಗಿಸಿ ಕೊಟ್ಟರು. ಅವಳು ಮತ್ತೆ ತಿರುಗಿಸಿದಳು.

"ಎಡಗೈ ಏನವಾ?" ಎಂದರು.

ನೀಲಾ ತಲೆ ತಗ್ಗಿಸಿದಳು. ಮಲ್ಲೇಶನೇ ಉತ್ತರ ಕೊಟ್ಟ. "ರೂಢಿ ಮಾಡಕೋತಾಳ್ರಿ. ಊಟಕ್ಕ ಬಲಗೈ ರೂಢಿ ಆಗಿಲ್ಲೇನ್ರಿ, ಇದೂ ಆಗತೈತಿ."

"ಆಗತೈತ್ರಿ. ಹಂಗ ನೋಡಿದ್ರ ಎಡಗೈಯವರಿಗೆ ಚೊಲೋನ. ತಂತಿ ಒತ್ತೂದು ಎಡಗೈ, ಅದರದ ಹೆಚ್ಚಿನ ಕೆಲಸ."

ನೀಲಾ ಬಲಗೈಯಲ್ಲಿ ಮೀಟಿ ನೋಡಿದಳು. ಆಫ್ರೀನಳ ಮನೆಯಲ್ಲಿ ಸಲೀಸಾಗಿ ಬಾರಿಸುತ್ತಿದ್ದ ಹಾಡೇ ಅದು. ಆದರೆ ಎರಡು ಹೆಜ್ಜೆಗೊಮ್ಮೆ ಎಡವುವವರ ಹಾಗೆ ನಿಂತು ನಿಂತು ಬಂತು. ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ಅದೇ ಕಡೆ ನಿಂತಿತು. ಅಪ್ಪನ ಮುಖ ನೋಡಿ, "ಚೊಲೋ ಐತಿ ಅಪ್ಪಾ. ಇದ ಇರ್ಲಿ" ಎಂದಳು.

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎಂದರೆ ಎಲ್ಲಿ ಇದ್ದದ್ದೂ ಹೋಗುತ್ತದೋ ಎಂದು ಒಪ್ಪಿಕೊಳ್ಳುವವರ ದನಿ. ಅದನ್ನು ನಾನು ಅರವತ್ತು ವರ್ಷ ಆಡಿದ್ದೇನೆ. ಈ ಹುಡುಗಿ ದಾಳಿಂಬೆ ಬಣ್ಣದ ಗಿಟಾರನ್ನು ಮನೆಗೆ ತರುತ್ತಾಳೆ, ಅಪ್ಪ ನೋಡುವಾಗ ಬಲಗೈಯಲ್ಲಿ ಎಡವುತ್ತ ಬಾರಿಸುತ್ತಾಳೆ, ಆರು ತಿಂಗಳಿಗೆ ಅದನ್ನು ಗೋಡೆಗೆ ನೇತುಹಾಕುತ್ತಾಳೆ. ಯಾರಾದರೂ ಕೇಳಿದರೆ, ಯಾಕೋ ಮನಸ್ಸಾಗಲಿಲ್ಲ ಎನ್ನುತ್ತಾಳೆ. ಕುರ್ಚಿಯ ಕೈ ಹಿಡಿದುಕೊಂಡು ಸಾಹೇಬರನ್ನು ಕೇಳಿದೆ:

"ಎಡಗೈದು ಬರಂಗಿಲ್ಲೇನ್ರಿ?"

ಮೂವರೂ ನನ್ನ ಕಡೆ ತಿರುಗಿದರು. ಸಾಹೇಬರು ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದರು. "ಬರತಾವ್ರಿ. ಆದ್ರ ಈ ನಡುವಿನ ಸಾಲಿನಾಗ ಮಾಡಂಗಿಲ್ಲ ಇವರು. ಮ್ಯಾಲಿನ ತುಟ್ಟಿ ಸಾಲಿನಾಗ ಒಂದೈತಿ, ಅದು ನಿಮಗ ಬ್ಯಾಡ. ಕೆಳಗಿನ ಸಾಲಿನಾಗ ಒಂದೈತಿ. ಕರೀ ಬಣ್ಣ ಒಂದ. ಮುಂಬಯಿಂದ ತರಸಬೇಕು, ಬಾರಿಸಿ ನೋಡಾಕ ಸಿಗಂಗಿಲ್ಲ. ಬಂದ ಮ್ಯಾಲೆ ಬ್ಯಾಡ ಅನ್ನಾಕ ಬರಂಗಿಲ್ಲ."

"ಕೇಳಿದೇನಬೇ?" ಎಂದ ಮಲ್ಲೇಶ. "ಕೆಳಗಿನ ದರ್ಜೇದ್ದು, ಕರೀದು, ಕಣ್ಣಿಲೆ ನೋಡದ ತಗೋಬೇಕು. ನೀ ಸುಮ್ಕಿರಬೇ. ನಿನಗ ಇದರಾಗಿಂದು ಏನ ಗೊತ್ತು?"

ಅವನು ಸಿಟ್ಟಿನಿಂದ ಅಂದದ್ದಲ್ಲ. ಮೂರು ವಾರ ಕೂತು ಹಾಕಿದ ಪಟ್ಟಿ ಅದು. ಮಗಳಿಗೆ ಒಳ್ಳೆಯದು ಕೊಡಿಸಬೇಕೆಂಬ ಹಟವೂ ಇತ್ತು. ಬೇರೆ ದಿನವಾಗಿದ್ದರೆ ನಾನು ಸುಮ್ಮನೇ ಇರುತ್ತಿದ್ದೆ.

"ಮಲ್ಲೇಶಿ, ನಿನ್ನ ತೋರುಬೆರಳಿನ ಮ್ಯಾಲಿನ ಗಾಯ ಯಾತರದು?" ಎಂದೆ.

ಅವನು ಎಡಗೈ ಎತ್ತಿ ನೋಡಿಕೊಂಡ. "ಅದ ಆ ಶನಿ ಕುಡಗೋಲಿಂದು. ಸಣ್ಣಾಂವಿದ್ದಾಗ ಹುಲ್ಲು ಕೊಯ್ಯಾಕ ಹೋಗಿ ಕೊಯ್ಕೊಂಡಿದ್ದು. ಈಗ್ಯಾಕ ಅದು?"

"ಅದು ಶನಿ ಕುಡಗೋಲು ಅಲ್ಲೋ. ಎಡಗೈ ಕುಡಗೋಲು. ನೀ ಬಲಗೈಲೆ ಹಿಡದಿ, ಜಾರಿ ಬೆರಳಿಗೆ ಬಂತು. ನಿಮ್ಮಪ್ಪ ಅದನ್ನ ನನ್ನ ಸಲುವಾಗಿ ಕಂಬಾರನ ಕಡೆ ಹೇಳಿ ಬಡಿಸಿದ್ದು. ನಾನೂ ರೊಡ್ಡಿನ."

ನನ್ನ ಕಿವಿ ಬಿಸಿಯಾಗಿತ್ತು. ಆದರೆ ಒಮ್ಮೆ ಹೊರಟ ಮಾತು ನಿಲ್ಲಲಿಲ್ಲ, ಆ ಕುಡಗೋಲಿನ ಕಥೆಯನ್ನೆಲ್ಲ ಹೇಳಿದೆ. ನಿಮಗೂ ಹೇಳುತ್ತೇನೆ.

ಮದುವೆಯಾದ ವರ್ಷ ಗೋಧಿ ಕೊಯ್ಲಿನಲ್ಲಿ ನಾನು ಎಲ್ಲ ಹೆಂಗಸರಿಗಿಂತ ಹಿಂದೆ ಬೀಳುತ್ತಿದ್ದೆ. ಕುಡಗೋಲಿನ ಬಾಯಿಯನ್ನು ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ, ಬಲಗೈಗೆ ಹೊಂದುವ ಹಾಗೆ. ಎಡಗೈಯಲ್ಲಿ ಹಿಡಿದರೆ ದಂಟಿನ ಮೇಲೆ ಜಾರುತ್ತದೆ. ಬಲಗೈಯಲ್ಲಿ ಹಿಡಿದರೆ ನನಗೆ ಬೀಸು ಬರುವುದಿಲ್ಲ. "ಸೊಸಿ ಕೈ ಮೆತ್ತಗೈತಿ" ಎಂದು ಅತ್ತೆ ನಾಲ್ಕು ಜನರೆದುರು ಅಂದರು. ನಿಮ್ಮ ಅಜ್ಜ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ನಾಲ್ಕನೆಯ ದಿನ ನನ್ನ ಬುಟ್ಟಿಯಲ್ಲಿ ಹೊಸ ಕುಡಗೋಲು ಇತ್ತು. ಅದರ ಬಾಯಿಯನ್ನು ಆಚೆ ಮಗ್ಗುಲಿಗೆ ಮಸೆದಿತ್ತು. "ಇದು ನಿಂದು. ಬ್ಯಾರೆಯವರಿಗೆ ಕೊಡಬ್ಯಾಡ" ಎಂದರು, ಅಷ್ಟೇ. ಆ ಮಧ್ಯಾಹ್ನ ನನ್ನ ಸಾಲು ಎಲ್ಲರಿಗಿಂತ ಮುಂದಿತ್ತು. ಕೈ ಮೆತ್ತಗಿರಲಿಲ್ಲ, ಕುಡಗೋಲು ಬೇರೆಯವರದಾಗಿತ್ತು. ಅವರು ಈ ವಿಷಯ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಉಳಿದವರ ಕೈಗೆ ಸಿಕ್ಕಾಗಲೆಲ್ಲ ಅದು ಗಾಯ ಮಾಡಿ ಶನಿ ಎಂಬ ಹೆಸರು ಪಡೆಯಿತು.

ದಾದಾಪೀರ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಸರ್, ಕಂಬಾರಗ ತಿಳದದ್ದು ಕಂಪನಿಯವರಿಗೆ ಎರಡ ಸಾಲಿನಾಗರ ತಿಳದೈತಿ. ಅಷ್ಟರ ಸಮಾಧಾನ ಮಾಡ್ಕೋರಿ" ಎಂದರು.

ಮಲ್ಲೇಶ ಗಾಯದ ಗುರುತನ್ನು ಹೆಬ್ಬೆರಳಿನಿಂದ ತಿಕ್ಕುತ್ತ ನಿಂತಿದ್ದ. "ಇಷ್ಟು ವರ್ಷ ಹೇಳಲೇ ಇಲ್ಲಲ್ಲಬೇ" ಎಂದ.

"ನೀ ಕೇಳಿದ್ದೇನು?"

ಅವನು ನೀಲಾಳನ್ನು ಕೇಳಿದ: "ಯಾವುದು ಬೇಕ ನಿನಗ? ನನ್ನ ಮಾರಿ ನೋಡಬ್ಯಾಡ. ಗಿಟಾರು ನೋಡಿ ಹೇಳು."

ನೀಲಾ ಕೆಂಪು ಗಿಟಾರನ್ನು ಎರಡೂ ಕೈಯಿಂದ ಎತ್ತಿ ಸಾಹೇಬರಿಗೆ ಕೊಟ್ಟುಬಿಟ್ಟಳು. "ಕರೀದು" ಎಂದಳು.

ಬಸ್ಸಿನಲ್ಲಿ ಮಲ್ಲೇಶ ಶೇಂಗಾ ಕೊಡಿಸಿದ. ಪಟ್ಟಿಯ ಕಾಗದವನ್ನೇ ಪೊಟ್ಟಣ ಮಾಡಿ ಸಿಪ್ಪೆ ಹಾಕಿದೆವು.

ಗಿಟಾರು ಎರಡು ವಾರಕ್ಕೆ ಬಂತು. ಕಲಿಯುವವರ ಸಾಲಿನದಾದರೂ ನನ್ನ ಕಣ್ಣಿಗೆ ಲಕ್ಷಣವಾಗಿಯೇ ಇತ್ತು, ನಮ್ಮ ಎರೆಹೊಲದ ಮಣ್ಣು ಮಳೆಗೆ ನೆಂದಾಗಿನ ಬಣ್ಣ. ನೀಲಾ ಗಿಟಾರಿನ ಪಟ್ಟಿ ಹೆಗಲಿಗೆ ಹಾಕಿಕೊಂಡಳು, ಹಿಡಿದಳು, ತಿರುಗಿಸಲಿಲ್ಲ. ತಿರುಗಿಸುವ ಕಾರಣವೇ ಇರಲಿಲ್ಲ. ಅದನ್ನು ನೋಡಿ ನನಗಾದ ಸಮಾಧಾನವನ್ನು ಏನೆಂದು ಬರೆಯಲಿ, ಬಿಗಿಯಾಗಿದ್ದ ಕುಪ್ಪಸದ ಗುಂಡಿ ಬಿಚ್ಚಿದ ಹಾಗಿತ್ತು.

ಒಂದು ತಿಂಗಳು ಕಲಿತ ಮೇಲೆ ನೀಲಾ ಫೋನನ್ನು ಕಿಟಕಿಯಲ್ಲಿಟ್ಟು, ಪರದೆಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತ ಒಂದು ಹಾಡು ಬಾರಿಸಿದಳು. ಮಲ್ಲೇಶ ಆ ವಿಡಿಯೊವನ್ನು ಬೀಗರಿಗೆ, ನೆಂಟರಿಗೆ, ಶಾಲೆಯ ಮಾಸ್ತರರಿಗೆಲ್ಲ ಕಳಿಸಿದ. ಮೊದಲು ಫೋನು ಮಾಡಿದವಳು ನಿಮ್ಮವ್ವ ಶಿವಕ್ಕ.

"ಅಣ್ಣಾ, ಚೊಲೋ ಬಾರಿಸ್ಯಾಳ. ಬಲಗೈ ರೂಢಿ ಮಾಡಿಸಿದ್ಯಲ್ಲ, ಅದ ಭಾಳ ಚೊಲೋ ಆತು. ನೋಡಾಕ ಲಕ್ಷಣಾಗಿ ಕಾಣತೈತಿ."

"ಬಲಗೈ ಅಲ್ಲಬೇ ಶಿವಕ್ಕಾ" ಎಂದ ಮಲ್ಲೇಶ. "ಫೋನು ಕನ್ನಡಿ ಇದ್ದಂಗ, ಎಡಕಿದ್ದದ್ದು ಬಲಕ್ಕ ತೋರಸತೈತಿ. ಆಕಿ ಬಾರ್ಸೂದು ಎಡಗೈಲೆ."

"ಹಂಗಾರ ಇನ್ನೂ ರೂಢಿ ಆಗಿಲ್ಲ?"

"ಆಗೂದೂ ಬ್ಯಾಡ" ಎಂದು ಫೋನಿಟ್ಟ.

ಅವನ ಗಣಿತಕ್ಕೆ ತಡೆಯಲಾಗಲಿಲ್ಲ. ನೀಲಾಳನ್ನು ಮತ್ತೆ ಕೂರಿಸಿದ, ಈ ಸಲ ಫೋನು ತಿರುಗಿಸಿ ಹಿಡಿದು, ಅವಳ ಹಿಂದಿನ ಕ್ಯಾಲೆಂಡರಿನ ಅಕ್ಷರ ಉಲ್ಟಾ ಆಗದೆ ನೆಟ್ಟಗೆ ಕಾಣುವಂತೆ. ಆ ಕೋಣೆಯ ಈಚೆ ಅಡುಗೆಮನೆಯಲ್ಲಿ ನಾನು ಕಟ್ಟಿಗೆಯ ಕೊಮ್ಮಣಿಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. "ಯವ್ವಾ, ಕೊಮ್ಮಣಿಗಿ ತಗೊಂಡ ಇಲ್ಲೆ ಬಾರಬೇ. ಆಕಿ ಬಾಜೂಕ ಕೂಡು" ಎಂದ.

"ಹುಚ್ಚ ಹಿಡದೈತೇನೋ? ಊರ ಮಂದಿ ನೋಡತಾರ."

"ನೋಡ್ಲಿ ಅಂತನ ಕರಿಯಾಕತ್ತೇನಿ."

ಹಿಟ್ಟಿನ ಕೈಯಲ್ಲೇ ಹೋಗಿ ಕೂತೆ. ನೀಲಾ ಬಾರಿಸಿದಳು, ನಾನು ತಲೆ ಎತ್ತದೆ ಎಡಗೈಯಿಂದ ರೊಟ್ಟಿ ಬಡಿದೆ. ನಾಚಿಕೆಗೆ ರೊಟ್ಟಿ ಒಂದು ಕಡೆ ದಪ್ಪವಾಯಿತು. ಮಲ್ಲೇಶ ಅದನ್ನೂ ಕಳಿಸಿದ.

ನಿಮ್ಮವ್ವನ ಫೋನು ಬಂದದ್ದು ಸಂಜೆಗೆ, ಈ ಸಲ ನನಗೇ. "ಅವ್ವಾ, ನೀನೂ ಎಡಗೈಯಾಕಿನ?" ಎಂದಳು. ನಾನು ಹೂಂ ಎಂದೆ.

"ಇಲ್ಲೆ ಗೌರಿ ಎಡಗೈಯಾಗ ಪೆನ್ಸಿಲ್ ಹಿಡಿತಾಳ" ಎಂದಳು. "ದಿನಾ ಕಸಗೊಂಡು ಬಲಗೈಯಾಗ ಕೊಡತೇನಿ. ದಿನಾ ಅಳತಾಳ. ಈಗೂ ಅಳಾಕತ್ತಾಳ."

"ಬಿಟ್ಟಬಿಡಬೇ" ಎಂದೆ.

ನಿಮ್ಮವ್ವ ಫೋನನ್ನು ಕೆಳಗಿಟ್ಟಿರಬೇಕು, ಕಡಿದಿರಲಿಲ್ಲ. ಅವಳು ಎದ್ದು ಹೋದದ್ದು ಕೇಳಿಸಿತು. ಆಮೇಲೆ ದೂರದಿಂದ ಅವಳ ದನಿ ಬಂತು: "ತಗೋ ಗೌರಿ. ನಿನಗ ಹೆಂಗ ಬರತೈತಿ ಹಂಗ ಬರಿ."